ಸಾಲದ ಬೆಲೆ

ಅಕ್ಕಿ, ಬೇಳೆ, ಬಟ್ಟೆ ಮೊದಲಾದ ಪದಾರ್ಥಗಳನ್ನು ಕೊಳ್ಳುವಾಗ ಬೆಲೆಯನ್ನು ವಿಚಾರಿಸದೆ ಹಣ ಕೊಡುವವರು ವಿರಳ. ನಾಲ್ಕು ಅಂಗಡಿಗಳನ್ನು ಸುತ್ತಿ, ಚೌಕಾಸಿ ಮಾಡಿ, ತಕ್ಕಡಿಯ ಮುಳ್ಳನ್ನು ಕಣ್ಣಾರೆ ನೋಡಿ ಕೊಳ್ಳುವುದು ನಮ್ಮ ಜನರ ರೂಢಿ. ಆದರೆ ಹಣವನ್ನೇ ಕೊಳ್ಳುವ ಸಂದರ್ಭ ಬಂದಾಗ, ಎಂದರೆ ಸಾಲವನ್ನು ಪಡೆಯುವಾಗ, ಈ ಎಚ್ಚರವೆಲ್ಲ ಎಲ್ಲಿಯೋ ಅಡಗಿಹೋಗುತ್ತದೆ. ಸಾಲಕ್ಕೂ ಒಂದು ಬೆಲೆಯುಂಟು. ಆ ಬೆಲೆಯನ್ನು ಬಡ್ಡಿಯೆಂಬ ಒಂದೇ ಅಂಕಿಯಿಂದ ತಿಳಿಯಲಾಗುವುದಿಲ್ಲವೆಂಬುದನ್ನು ನಾವು ಮೂರು ವರ್ಷಗಳ ಕಾಲ, ತಿಂಗಳಿಗೊಂದು ಪಾಠದಂತೆ, ಸ್ವಂತ ಖರ್ಚಿನಲ್ಲಿ ಕಲಿತೆವು. ಆ ಅನುಭವವನ್ನೇ ಈ ದಿನ ಶ್ರೋತೃಗಳ ಮುಂದಿಡಲು ಉದ್ದೇಶಿಸಿದ್ದೇವೆ. ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿಯು ಎಲ್ಲರಿಗೂ ಬಾಯಿಪಾಠವಾಗಿರುವುದರಿಂದ ಅದನ್ನು ಇಲ್ಲಿ ಹೇಳಹೋಗುವುದಿಲ್ಲ. ಆ ಕಾಲದಲ್ಲಿ ಸಾಲ ಕೊಟ್ಟವನು ಮನೆಯ ಬಾಗಿಲಿಗೆ ಬರುತ್ತಿದ್ದನು. ಈಗ ಆತನು ಬರುವ ಶ್ರಮವನ್ನೂ ವಹಿಸುವುದಿಲ್ಲ. ತಿಂಗಳ ಗೊತ್ತಾದ ತಾರೀಖಿನಂದು ನಮ್ಮ ಖಾತೆಯಿಂದ ಹಣವು ತಾನಾಗಿಯೇ ಹೊರಟುಹೋಗುತ್ತದೆ.

2021ನೆಯ ಇಸವಿಯ ಆಗಸ್ಟ್ ತಿಂಗಳ ಕೊನೆಯಲ್ಲಿ ನಮ್ಮ ತಾಯಿಯವರು ಬಚ್ಚಲುಮನೆಯಲ್ಲಿ ಜಾರಿಬಿದ್ದು ಅವರ ಸೊಂಟದ ಕೀಲಿನ ಮೂಳೆ ಮುರಿಯಿತು. ಆಗ ಅವರಿಗೆ 74 ವರ್ಷ. ಶಸ್ತ್ರಚಿಕಿತ್ಸೆಯನ್ನು ತಡಮಾಡುವಂತಿಲ್ಲವೆಂದು ವೈದ್ಯರು ಹೇಳಿದರು. ಆಸ್ಪತ್ರೆಯವರು ಕೊಟ್ಟ ಅಂದಾಜು 4,20,000 ರೂಪಾಯಿ. ಅವರ ಹೆಸರಿನಲ್ಲಿ ಆರೋಗ್ಯ ವಿಮೆಯಿರಲಿಲ್ಲ. ನಮ್ಮಲ್ಲಿದ್ದ 1,20,000 ರೂಪಾಯಿಗಳನ್ನು ಮುಂಗಡವಾಗಿ ಕಟ್ಟಿದೆವು. ಚಿಕಿತ್ಸೆಯು ದೇವರ ದಯೆಯಿಂದ ಸಾಂಗವಾಗಿ ನಡೆಯಿತು. ಉಳಿದ 3,00,000 ರೂಪಾಯಿಗಳನ್ನು ಅವರನ್ನು ಮನೆಗೆ ಕರೆತರುವ ದಿನದೊಳಗಾಗಿ ಒದಗಿಸಬೇಕಾಗಿತ್ತು.

ತಾಯಿಯವರಿಗೆ ನಮ್ಮ ಮುಖವನ್ನು ನೋಡಿದೊಡನೆಯೇ ವಿಷಯ ತಿಳಿದುಹೋಯಿತು. ಹಾಸಿಗೆಯ ಮೇಲಿಂದಲೇ "ಬೀರುವಿನಲ್ಲಿ ನನ್ನ ನಾಲ್ಕು ಬಳೆಗಳಿವೆಯಲ್ಲ, ಇಟ್ಟು ದುಡ್ಡು ತಂದುಬಿಡು. ಆಮೇಲೆ ಬಿಡಿಸಿಕೊಂಡರಾಯಿತು" ಎಂದರು. ವಿಚಾರಿಸಲಾಗಿ, ಆ ಬಳೆಗಳ ಮೇಲೆ ಬ್ಯಾಂಕೊಂದರಲ್ಲಿ ಸುಮಾರು 1,30,000 ರೂಪಾಯಿಗಳು ಶೇಕಡಾ 9ರ ಬಡ್ಡಿಗೆ ದೊರೆಯುವಂತಿತ್ತು. ಹಾಗೆ ಮಾಡಿದ್ದರೆ ಉಳಿದ 1,70,000ಕ್ಕೆ ಮಾತ್ರ ನಾವು ಬೇರೆ ಸಾಲವನ್ನು ಹುಡುಕಬೇಕಾಗುತ್ತಿತ್ತು. ಆದರೆ ನಾವು ಒಪ್ಪಲಿಲ್ಲ. ಹೆತ್ತ ತಾಯಿಯ ಕೈಬಳೆಯನ್ನು ಅಡವಿಟ್ಟರೆಂದು ನಾಳೆ ಯಾರಾದರೂ ಆಡಿಕೊಂಡಾರೆಂಬುದೇ ನಮ್ಮ ಅಳುಕು. ಬ್ಯಾಂಕಿನ ಗುಮಾಸ್ತರಿಗೂ ನಮಗೂ ಹೊರತು ಮೂರನೆಯವರಿಗೆ ಅದು ತಿಳಿಯುವ ಸಂಭವವೇ ಇರಲಿಲ್ಲವೆಂಬುದು ಆಗ ಹೊಳೆಯಲಿಲ್ಲ. ಆದುದರಿಂದ ಪೂರ್ಣ ಮೂರು ಲಕ್ಷವನ್ನೂ ವೈಯಕ್ತಿಕ ಸಾಲವಾಗಿ ಪಡೆಯಲು ನಿಶ್ಚಯಿಸಿದೆವು.

ವೈಯಕ್ತಿಕ ಸಾಲವೆಂದರೆ, ಅಡವಿಗೆ ಒಡವೆಯನ್ನಾಗಲಿ ಮನೆಯ ಪತ್ರವನ್ನಾಗಲಿ ಕೇಳದೆ, ಸಾಲಗಾರನ ಸಂಬಳವನ್ನೂ ಅವನ ನಡತೆಯನ್ನೂ ನಂಬಿ ಕೊಡುವ ಸಾಲ. ಹಣವನ್ನು ಯಾವುದಕ್ಕಾಗಿ ವ್ಯಯಮಾಡುವಿರೆಂದು ಅವರು ಬಹುವಾಗಿ ಪ್ರಶ್ನಿಸುವುದಿಲ್ಲ. ಈ ಔದಾರ್ಯಕ್ಕೆ ಬೆಲೆಯಿದೆಯೆಂಬುದು ಹೊಸ ಮಾತೇನೂ ಅಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಭಾಗವನ್ನು ಬಡ್ಡಿಯಾಗಿ ವಿಧಿಸಿದೆ. ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಶೇಕಡಾ 15 ಆಗುತ್ತದೆ. ಅಡವಿಲ್ಲದ ಸಾಲಕ್ಕಾದರೋ ತಿಂಗಳಿಗೆ ನೂರಕ್ಕೆ ಎರಡರಿಂದ ಐದರವರೆಗೆ, ಸಾಲಗಾರನ ವರ್ಣವನ್ನು ನೋಡಿ ಏರುತ್ತ ಹೋಗುತ್ತದೆ. ವರ್ಣವನ್ನು ನೋಡಿ ದರವನ್ನು ಗೊತ್ತುಮಾಡುವ ಪದ್ಧತಿ ಅಳಿದುದು ಒಳ್ಳೆಯದೇ ಆಯಿತು. ಆದರೆ ಅಡವುಳ್ಳ ಸಾಲ ಅಗ್ಗ, ಅಡವಿಲ್ಲದ್ದು ತುಟ್ಟಿ ಎಂಬ ಭೇದವು ಅಂದಿನಿಂದ ಇಂದಿನವರೆಗೂ ಅಚ್ಚಳಿಯದೆ ಉಳಿದಿದೆ. ಕೊಟ್ಟ ಹಣ ಮುಳುಗಿದರೆ ವಸೂಲು ಮಾಡಲು ಆಧಾರವಿಲ್ಲದವನು ಆ ಭಯವನ್ನೂ ಬಡ್ಡಿಯೊಳಗೇ ಸೇರಿಸಿಬಿಡುತ್ತಾನೆ. ಪ್ರಾಮಾಣಿಕವಾಗಿ ತೀರಿಸುವವರು ತೀರಿಸದವರ ಪಾಲನ್ನೂ ಸ್ವಲ್ಪಮಟ್ಟಿಗೆ ಹೊರುತ್ತಾರೆಂದು ತಿಳಿಯಬೇಕು.

ಹಿಂದೆ ಇಂತಹ ಸಾಲಕ್ಕೆ ಮನುಷ್ಯರೇ ಆಧಾರವಾಗಿದ್ದರು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿತು. ಮೈಸೂರು ಸಂಸ್ಥಾನದ ಸಹಕಾರ ಸಂಘಗಳ ಶಾಸನವು ಹೊರಬಿದ್ದುದೂ ಅದೇ ವರ್ಷ. ಅಂತಹ ಸಂಘಗಳಲ್ಲಿ ಸಾಲ ಬೇಕಾದವನಿಗಾಗಿ ಪರಿಚಿತರು ಜಾಮೀನು ನಿಲ್ಲುತ್ತಿದ್ದರು, ಸಮಿತಿಯವರಿಗೆ ಅವನ ಮನೆತನ ಗೊತ್ತಿರುತ್ತಿತ್ತು. ಈಗ ಆ ಜಾಮೀನುದಾರರ ಸ್ಥಾನವನ್ನು ಮೂರು ಅಂಕಿಗಳ ಒಂದು ಸಂಖ್ಯೆ ಆಕ್ರಮಿಸಿದೆ. ಜನರು ಇದನ್ನು ಸಿಬಿಲ್ ಎಂದು ಕರೆಯುತ್ತಾರೆ. ಅದು ಒಂದು ಸಂಸ್ಥೆಯ ಹೆಸರಾದರೂ ಬನಸ್ಪತಿಯನ್ನೆಲ್ಲ ಡಾಲ್ಡಾ ಎನ್ನುವಂತೆ ಬಳಕೆಗೆ ಬಂದುಬಿಟ್ಟಿದೆ. 2005ರ ಕಾಯಿದೆಯ ಮೇರೆಗೆ ನಡೆಯುವ ಇಂತಹ ಸಂಸ್ಥೆಗಳು ನಾಲ್ಕಿವೆ. ಯಾರು ಎಷ್ಟು ಸಾಲ ಮಾಡಿದರು, ಯಾವ ಕಂತನ್ನು ಎಂದು ಕಟ್ಟಿದರು ಎಂಬುದನ್ನೆಲ್ಲ ಬರೆದಿಟ್ಟು 300ರಿಂದ 900ರೊಳಗೆ ಅಂಕ ಕೊಡುತ್ತವೆ.

ಇಲ್ಲೊಂದು ವಿನೋದವುಂಟು. ಹುಟ್ಟಿದಾರಭ್ಯ ಯಾರ ಬಳಿಯೂ ಕೈಚಾಚಿದವರಲ್ಲವೆಂಬುದು ನಮ್ಮ ಮನೆಯಲ್ಲಿ ಒಂದು ಹೆಮ್ಮೆಯ ಮಾತಾಗಿತ್ತು. ಬ್ಯಾಂಕಿನ ತರುಣ ಅಧಿಕಾರಿಗೆ ಇದನ್ನು ತಿಳಿಸಿದಾಗ ಆತನು ಸಂತೋಷಪಡುವನೆಂದು ಎಣಿಸಿದ್ದೆವು. ಆತನು ಚಿಂತಾಕ್ರಾಂತನಾದನು. ಎಂದೂ ಸಾಲ ಮಾಡದವನಿಗೆ ಈ ಲೆಕ್ಕದಲ್ಲಿ ಗುಣವೂ ಇಲ್ಲ, ದೋಷವೂ ಇಲ್ಲ, ಚರಿತ್ರೆಯೇ ಇಲ್ಲ. ಎಂದೋ ಸ್ನೇಹಿತರ ಬಲವಂತಕ್ಕೆ ಪಡೆದು, ತಿಂಗಳಿಗೊಮ್ಮೆ ಬಳಸಿ ತೀರಿಸುತ್ತಿದ್ದ ಕ್ರೆಡಿಟ್ ಕಾರ್ಡೊಂದು ಇದ್ದುದರಿಂದ ನಮ್ಮ ಮಾನ ಉಳಿಯಿತು. ಪ್ರತಿ ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ನಮಗೆಲ್ಲರಿಗೂ ಇದೆ. ಸಾಲಕ್ಕೆ ಹೋಗುವ ಮುಂಚೆ ಅದನ್ನು ತರಿಸಿ ನೋಡುವುದು ಲೇಸು. ಬೇರೆ ಯಾರದೋ ಸಾಲವು ತಪ್ಪಿ ನಮ್ಮ ಹೆಸರಿನಲ್ಲಿ ಕುಳಿತಿರುವುದೂ ಉಂಟು.

ನಮ್ಮೆದುರಿಗೆ ಎರಡು ಅವಕಾಶಗಳು ಬಂದವು. ನಮ್ಮ ಸಂಬಳ ಬರುವ ಬ್ಯಾಂಕಿನವರು ಶೇಕಡಾ 14ರಂತೆ ಮೂರು ವರ್ಷದ ವಾಯಿದೆಗೆ ಕೊಡುವೆವೆಂದರು. ಇನ್ನೊಂದು ಲೇವಾದೇವಿ ಕಂಪನಿಯವರು ದೂರವಾಣಿಯ ಮೂಲಕ ತಾವಾಗಿಯೇ ಕರೆದು, ಬಹು ವಿನಯದಿಂದ, ಶೇಕಡಾ 8 ಮಾತ್ರ ಎಂದರು. 14ನ್ನೂ 8ನ್ನೂ ತೂಗಿ ನೋಡಲು ಹೆಚ್ಚಿನ ವಿದ್ಯೆ ಬೇಡವಷ್ಟೆ. ಎಂಟರ ಕಡೆಗೆ ರುಜು ಹಾಕಲು ಹೊರಟೇಬಿಟ್ಟಿದ್ದೆವು. ಆ ಸಂಜೆ ನಮ್ಮ ಬೀದಿಯಲ್ಲಿರುವ, ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದ ಮೇಷ್ಟರು ತಾಯಿಯವರ ಯೋಗಕ್ಷೇಮ ವಿಚಾರಿಸಲು ಬಂದಿದ್ದರು. ಮಾತಿನ ಮೇಲೆ ಮಾತು ಬಂದು ಸಾಲದ ವಿಷಯವನ್ನು ಹೇಳಿದೆವು.

"ಎಂಟು ಯಾವುದರ ಮೇಲೆ, ಹದಿನಾಲ್ಕು ಯಾವುದರ ಮೇಲೆ ಅಂತ ಕೇಳಿದ್ರಾ?" ಎಂದರು ಮೇಷ್ಟರು.

ನಾವು ಕೇಳಿರಲಿಲ್ಲ. ಅವರು ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆಯನ್ನು ಹರಿದು ಅದರ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಬರೆಯತೊಡಗಿದರು. ಆ ಹಾಳೆಯು ಈಗಲೂ ನಮ್ಮಲ್ಲಿದೆ. ಅದರ ಸಾರಾಂಶವನ್ನು ಇಲ್ಲಿ ಕೊಡುತ್ತೇವೆ. ಅಂಕಿಗಳೆಂದರೆ ಬೇಸರಪಡುವ ಶ್ರೋತೃಗಳು ಕ್ಷಣಕಾಲ ತಾಳ್ಮೆಯಿಂದಿರಬೇಕು, ಏಕೆಂದರೆ ವಿಷಯದ ತಿರುಳೆಲ್ಲ ಇಲ್ಲಿಯೇ ಅಡಗಿದೆ.

ಕಂಪನಿಯವರ ಶೇಕಡಾ 8 ಪೂರ್ಣ ಅಸಲಿನ ಮೇಲೆ ಪೂರ್ಣ ಮೂರು ವರ್ಷವೂ ನಡೆಯುವಂತಹದು. ವ್ಯವಹಾರದಲ್ಲಿ ಇದನ್ನು ಫ್ಲ್ಯಾಟ್ ಬಡ್ಡಿ ಎನ್ನುತ್ತಾರೆ. 3,00,000ಕ್ಕೆ ವರ್ಷಕ್ಕೆ 24,000. ಮೂರು ವರ್ಷಕ್ಕೆ 72,000. ಅಸಲನ್ನೂ ಕೂಡಿಸಿ 36ರಿಂದ ಭಾಗಿಸಿದರೆ ತಿಂಗಳ ಕಂತು 10,333 ರೂಪಾಯಿ. ಬ್ಯಾಂಕಿನವರ ಶೇಕಡಾ 14 ಆಯಾ ತಿಂಗಳು ಉಳಿದಿರುವ ಬಾಕಿಯ ಮೇಲೆ ಮಾತ್ರ ಬೀಳುವಂತಹದು. ಅದರ ತಿಂಗಳ ಕಂತು 10,253 ರೂಪಾಯಿ. ಮೂರು ವರ್ಷಕ್ಕೆ ಒಟ್ಟು ಬಡ್ಡಿ ಸುಮಾರು 69,100. ಅಂದರೆ ಶೇಕಡಾ 14ರ ಸಾಲವು ಶೇಕಡಾ 8ರ ಸಾಲಕ್ಕಿಂತ ತಿಂಗಳಿಗೆ 80 ರೂಪಾಯಿ ಅಗ್ಗ!

ಇದೇನು ಕಣ್ಕಟ್ಟು ಎಂದು ನಾವು ಬೆರಗಾದೆವು. ಮೇಷ್ಟರು ಅದನ್ನು ಹೀಗೆ ಬಿಡಿಸಿ ಹೇಳಿದರು. ಮೊದಲನೆಯ ತಿಂಗಳು ನಮ್ಮ ಕೈಯಲ್ಲಿ ಅವರ ಮೂರು ಲಕ್ಷವಿರುತ್ತದೆ. ಕಂತು ಕಟ್ಟುತ್ತ ಹೋದಂತೆ ಅಸಲು ಕರಗುತ್ತದೆ. ಮೂವತ್ತಾರನೆಯ ತಿಂಗಳಲ್ಲಿ ನಮ್ಮ ಬಳಿ ಅವರದು ಉಳಿದಿರುವುದು ಹತ್ತು ಸಾವಿರದಷ್ಟು ಮಾತ್ರ. ಆದುದರಿಂದ ಮೂರು ವರ್ಷಗಳ ಸರಾಸರಿಯನ್ನು ತೆಗೆದರೆ ನಾವು ನಿಜವಾಗಿ ಬಳಸಿಕೊಂಡ ಹಣವು ಮೂರು ಲಕ್ಷದ ಅರ್ಧಕ್ಕಿಂತ ತುಸು ಹೆಚ್ಚು. ಹಿಂದಿರುಗಿಸಿದ ಹಣಕ್ಕೂ ಬಡ್ಡಿಯನ್ನು ಕೇಳುತ್ತಲೇ ಇದ್ದರೆ ಆ ಎಂಟು ಸುಮ್ಮನೆ ಎಂಟಾಗಿ ಉಳಿಯುವುದಿಲ್ಲ. ಉಳಿದ ಬಾಕಿಯ ಮೇಲಿನ ಬಡ್ಡಿಯಾಗಿ ಪರಿವರ್ತಿಸಿದರೆ ಅದು ಶೇಕಡಾ ಹದಿನಾಲ್ಕೂವರೆಯನ್ನು ಮುಟ್ಟುತ್ತದೆ. ಎಂಟು ಸೇರು ಎಂದು ಅಳೆದು ಹದಿನಾಲ್ಕೂವರೆ ಸೇರಿನ ಬೆಲೆಯನ್ನು ತೆಗೆದುಕೊಂಡಂತೆ. ಕಂಪನಿಯವರು ಸುಳ್ಳನ್ನು ಹೇಳಿರಲಿಲ್ಲ. ಎಂಟು ಎಂದರು, ಯಾವುದರ ಮೇಲೆ ಎಂಬುದನ್ನು ಹೇಳಲಿಲ್ಲ, ಅಷ್ಟೇ.

ಹೀಗೆ ಒಂದು ಗುಂಡಿಯನ್ನು ತಪ್ಪಿಸಿಕೊಂಡು ಬ್ಯಾಂಕಿನ ಸಾಲಕ್ಕೆ ಒಪ್ಪಿದೆವು. ಕರಾರು ಪತ್ರವು ದಪ್ಪನೆಯ ಕಟ್ಟಾಗಿತ್ತು, ಅಕ್ಷರಗಳು ಸಾಸಿವೆ ಕಾಳಿನಂತಿದ್ದವು. ಓದಲೆಂದು ಕನ್ನಡಕವನ್ನು ತೆಗೆದಾಗ ತರುಣ ಅಧಿಕಾರಿಯು "ಇದೆಲ್ಲ ಮಾಮೂಲಿ ಸಾರ್, ಅಡ್ಡಗೆರೆ ಇರೋ ಕಡೆಯೆಲ್ಲ ಸೈನ್ ಮಾಡಿ" ಎಂದನು. ಹಿಂದೆ ನಾಲ್ಕಾರು ಜನ ಕಾಯುತ್ತಿದ್ದರು. ಆಸ್ಪತ್ರೆಯಿಂದ ಎರಡು ಬಾರಿ ಕರೆ ಬಂದಿತ್ತು. ಅಡ್ಡಗೆರೆಯಿದ್ದ ಕಡೆಯೆಲ್ಲ ರುಜು ಹಾಕಿದೆವು. ಸಾಲವನ್ನು ಬೇಡುವವನ ಮನಃಸ್ಥಿತಿಯನ್ನು ಶ್ರೋತೃಗಳು ಇಲ್ಲಿ ಊಹಿಸಿಕೊಳ್ಳಬೇಕು. ಹಣವು ದೊರೆಯುವುದೋ ಇಲ್ಲವೋ ಎಂಬ ಭೀತಿಯಲ್ಲಿರುವವನಿಗೆ, ಎಷ್ಟಕ್ಕೆ ದೊರೆಯಿತೆಂಬ ವಿಚಾರವು ಎರಡನೆಯದಾಗಿಬಿಡುತ್ತದೆ. ಪ್ರಶ್ನೆ ಕೇಳಿದರೆ ಮಂಜೂರಾದುದೂ ಎಲ್ಲಿ ತಪ್ಪಿಹೋಗುವುದೋ ಎಂಬ ಅಂಜಿಕೆ ಬೇರೆ.

ಎರಡು ದಿನಗಳ ಮೇಲೆ ಹಣವು ಖಾತೆಗೆ ಬಂದಿತು. ಮೂರು ಲಕ್ಷವಲ್ಲ, 2,86,000 ರೂಪಾಯಿ.

ಉಳಿದ 14,000 ಎಲ್ಲಿ ಹೋಯಿತೆಂದು ವಿಚಾರಿಸಿದೆವು. ಅರ್ಜಿಯನ್ನು ಪರಿಶೀಲಿಸಿದ ಶುಲ್ಕ, ಅಂದರೆ ಪ್ರೊಸೆಸಿಂಗ್ ಫೀ, ಶೇಕಡಾ 2ರಂತೆ 6,000. ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. 1,080. ಸಾಲದ ಅವಧಿಯಲ್ಲಿ ನಾವು ಕಾಲವಶರಾದರೆ ಬಾಕಿಯನ್ನು ತೀರಿಸುವ ವಿಮೆಯೊಂದಕ್ಕೆ 6,920. ಇವೆಲ್ಲಕ್ಕೂ ನಮ್ಮ ರುಜುವಿತ್ತು. ವಿಮೆಯು ಸಾಲದ ಅವಿಭಾಜ್ಯ ಅಂಗವೆಂದೇ ನಾವು ಭಾವಿಸಿದ್ದೆವು. ಅದನ್ನು ಬೇಡವೆನ್ನಬಹುದಾಗಿತ್ತೆಂದು ತಿಳಿದುದು ಬಹುಕಾಲದ ಮೇಲೆ. ಇಂತಹ ವಿಮೆಯ ಪಾಲಿಸಿ ಕೈಸೇರಿದ ಮೇಲೂ ಗೊತ್ತಾದ ದಿನಗಳೊಳಗಾಗಿ ಅದನ್ನು ಹಿಂದಿರುಗಿಸಲು ಅವಕಾಶವುಂಟು. 2024ರ ನಿಯಮಗಳ ಮೇರೆಗೆ ಆ ಅವಧಿ 30 ದಿನ.

ಈ 14,000 ಕೇವಲ ಹದಿನಾಲ್ಕು ಸಾವಿರವಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ನಮಗೆ ಬಂದುದು 2,86,000; ಆದರೆ ಕಂತನ್ನು ಕಟ್ಟಬೇಕಾದುದು 3,00,000ಕ್ಕೆ. ಕೈಗೆ ಬಾರದ ಹಣಕ್ಕೂ ಬಡ್ಡಿ. ಕೈಗೆ ಬಂದುದನ್ನೂ ಕಟ್ಟುವುದನ್ನೂ ಎದುರುಬದುರಿಗಿಟ್ಟು ಲೆಕ್ಕ ಮಾಡಿದರೆ, ಶೇಕಡಾ 14 ಎಂದು ಹೇಳಿದ್ದ ಸಾಲವು ಶುಲ್ಕವೊಂದರಿಂದಲೇ ಶೇಕಡಾ 15.7ಕ್ಕೆ ಏರುತ್ತದೆ, ವಿಮೆಯನ್ನೂ ಸೇರಿಸಿದರೆ ಶೇಕಡಾ 17.4. ಇದೇ ನಮ್ಮ ಸಾಲದ ನಿಜವಾದ ಬೆಲೆ. ಕರಾರು ಪತ್ರದ ಯಾವ ಪುಟದಲ್ಲಿಯೂ ಈ ಅಂಕಿಯು ನಮಗೆ ಕಾಣಸಿಗಲಿಲ್ಲ.

ಆದರೆ ಅಂದು ಈ ಲೆಕ್ಕಕ್ಕೆ ವ್ಯವಧಾನವೆಲ್ಲಿ? ಆಸ್ಪತ್ರೆಯ ಕೌಂಟರಿನ ಮುಂದೆ 14,000 ರೂಪಾಯಿಗಳ ಕೊರತೆಯೊಡನೆ ನಿಂತಿದ್ದೆವು. ತಾಯಿಯವರು ಗಾಲಿಕುರ್ಚಿಯಲ್ಲಿ ಕುಳಿತು, ಮನೆಗೆ ಹೊರಡಲು ಸೀರೆಯನ್ನು ಸರಿಮಾಡಿಕೊಂಡು, ನಮ್ಮ ಕಡೆಯೇ ನೋಡುತ್ತಿದ್ದರು. ಕೊನೆಗೆ ಮೇಷ್ಟರಿಗೆ ದೂರವಾಣಿ ಮಾಡಿದೆವು. ಅವರು ಅರ್ಧ ಘಂಟೆಯೊಳಗೆ ಆಟೋ ಹಿಡಿದು ಬಂದು, ಹಳೆಯ ಕವರೊಂದರಲ್ಲಿ ಸುತ್ತಿದ್ದ ಹಣವನ್ನು ನಮ್ಮ ಕೈಗೆ ಕೊಟ್ಟು, ತಾಯಿಯವರನ್ನು ಮಾತನಾಡಿಸಲು ಹೋದರು. ರುಜುವಿಲ್ಲ, ಶುಲ್ಕವಿಲ್ಲ, ಬಡ್ಡಿಯ ಮಾತೇ ಇಲ್ಲ. ಕನ್ನಡದಲ್ಲಿ ಇದಕ್ಕೆ ಕೈಗಡವೆಂಬ ಹೆಸರಿದೆ. ಎರಡು ತಿಂಗಳ ಮೇಲೆ ಅದನ್ನು ಹಿಂದಿರುಗಿಸಲು ಹೋದಾಗ ಅವರು ಎಣಿಸಿಕೊಳ್ಳಲೂ ಇಲ್ಲ. ಗಣಿತದ ಮೇಷ್ಟರು ಎಣಿಸದೆ ಹಣ ತೆಗೆದುಕೊಂಡುದನ್ನು ನಾವು ಕಂಡುದು ಅದೊಂದೇ ಬಾರಿ.

ಅಕ್ಟೋಬರ್ 5ರಿಂದ ಕಂತುಗಳು ಆರಂಭವಾದವು. ತಿಂಗಳು ತಿಂಗಳೂ ಒಂದೇ ಮೊತ್ತ ಹೋಗುವುದರಿಂದ ಸಾಲವೂ ಸಮನಾಗಿ ಇಳಿಯುತ್ತಿದೆಯೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ನಾವೂ ಹಾಗೆಯೇ ತಿಳಿದಿದ್ದೆವು. ಒಂದು ವರ್ಷ ಕಳೆದ ಮೇಲೆ ಮೂರರಲ್ಲಿ ಒಂದು ಪಾಲು, ಎಂದರೆ ಒಂದು ಲಕ್ಷ, ತೀರಿರಬೇಕೆಂದು ಲೆಕ್ಕದ ತಖ್ತೆಯನ್ನು ತರಿಸಿ ನೋಡಿದೆವು. ಕಟ್ಟಿದುದು 1,23,000ಕ್ಕೆ ಮೇಲೆ. ಅಸಲಿಗೆ ಸಂದುದು ಸುಮಾರು 86,400 ಮಾತ್ರ. 36,600ರಷ್ಟು ಬಡ್ಡಿಗೆ ಹೋಗಿತ್ತು. ಮೂರು ವರ್ಷಗಳ ಒಟ್ಟು ಬಡ್ಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲನೆಯ ವರ್ಷದಲ್ಲಿಯೇ ಸಂದಾಯವಾಗಿತ್ತು.

ಇದರಲ್ಲಿ ಮೋಸವೇನೂ ಇಲ್ಲವೆಂಬುದನ್ನು ಹೇಳಲೇಬೇಕು. ಕಂತಿನ ಹೊಟ್ಟೆಯೊಳಗೆ ಎರಡು ಭಾಗಗಳಿರುತ್ತವೆ: ಆ ತಿಂಗಳ ಬಾಕಿಯ ಮೇಲಿನ ಬಡ್ಡಿ ಒಂದು, ಉಳಿದುದು ಅಸಲು. ಮೊದಲನೆಯ ತಿಂಗಳು ಬಾಕಿ ಪೂರ್ಣ ಮೂರು ಲಕ್ಷವಾದುದರಿಂದ ಬಡ್ಡಿ 3,500, ಅಸಲಿಗೆ 6,753. ಮುಂದಿನ ತಿಂಗಳು ಬಾಕಿ ಅಷ್ಟರಮಟ್ಟಿಗೆ ಇಳಿದು ಬಡ್ಡಿ 3,421 ಆಗುತ್ತದೆ. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಯ ಕಂತಿನಲ್ಲಿ ಬಡ್ಡಿ 118 ರೂಪಾಯಿ ಮಾತ್ರ, ಮಿಕ್ಕುದೆಲ್ಲ ಅಸಲು. ಸಾಲ ದೊಡ್ಡದಾಗಿರುವಾಗ ಬಡ್ಡಿ ದೊಡ್ಡದು, ಸಣ್ಣದಾದಾಗ ಸಣ್ಣದು. ನ್ಯಾಯವಾದ ಕ್ರಮವೇ ಸರಿ. ಆದರೆ ಇದರಿಂದ ಹುಟ್ಟುವ ಒಂದು ಪರಿಣಾಮವನ್ನು ಸಾಲಗಾರರು ಅರಿತಿರಬೇಕು: ಅವಧಿಗೆ ಮುಂಚೆ ಸಾಲವನ್ನು ತೀರಿಸುವುದಾದರೆ ಆದಷ್ಟು ಮೊದಲೇ ತೀರಿಸಬೇಕು.

ನಾವು ಇದನ್ನೂ ತಡವಾಗಿಯೇ ಕಲಿತೆವು. 2023ರ ಸೆಪ್ಟೆಂಬರಿನಲ್ಲಿ, 24 ಕಂತುಗಳು ಕಳೆದ ಮೇಲೆ, ಹಳೆಯ ಜೀವವಿಮೆಯ ಪಾಲಿಸಿಯೊಂದು ಅವಧಿ ತುಂಬಿ 1,20,000 ರೂಪಾಯಿ ಬಂದಿತು. ಸಾಲದ ಬಾಕಿ ಆಗ ಸುಮಾರು 1,14,200. ಋಣವನ್ನು ಕಳೆದುಕೊಂಡುಬಿಡೋಣವೆಂದು ಉತ್ಸಾಹದಿಂದ ಬ್ಯಾಂಕಿಗೆ ಹೋದೆವು. ಮುಂಗಡವಾಗಿ ತೀರಿಸುವುದಕ್ಕೆ ಬಾಕಿಯ ಮೇಲೆ ಶೇಕಡಾ 4, ಅದರ ಮೇಲೆ ಜಿ.ಎಸ್.ಟಿ., ಒಟ್ಟು 5,390 ರೂಪಾಯಿಗಳ ಶುಲ್ಕವೆಂದರು. ಸಾಲ ತೀರಿಸುತ್ತೇವೆಂದರೆ ದಂಡ! ಉಳಿದ ಹನ್ನೆರಡು ತಿಂಗಳಲ್ಲಿ ನಾವು ಕೊಡಬೇಕಾಗಿದ್ದ ಬಡ್ಡಿಯೇ 8,840ರಷ್ಟು. ಉಳಿತಾಯ 3,450. ಅದೇ ಕೆಲಸವನ್ನು ಒಂದು ವರ್ಷದ ಹಿಂದೆ ಮಾಡುವಂತಾಗಿದ್ದರೆ ಅದೇ ದಂಡದ ದರವನ್ನು ತೆತ್ತರೂ 22,000ಕ್ಕೆ ಮೇಲೆ ಉಳಿಯುತ್ತಿತ್ತು. ಮೇಷ್ಟರು ಲೆಕ್ಕ ಹಾಕಿ, ಈಗ ತೀರಿಸಿದರೆ ನಿಮ್ಮ ಹಣಕ್ಕೆ ವರ್ಷಕ್ಕೆ ಶೇಕಡಾ 5ಕ್ಕಿಂತ ತುಸು ಹೆಚ್ಚಿನ ಲಾಭವಾದಂತೆ, ಠೇವಣಿಯಿಟ್ಟರೆ ಅದಕ್ಕಿಂತ ಹೆಚ್ಚು ಬರುತ್ತದೆ ಎಂದರು. ನಾವು ಠೇವಣಿಯಿಟ್ಟೆವು. ಆದರೂ ಮನಸ್ಸಿಗೆ ಅದು ಒಗ್ಗಲಿಲ್ಲ. ಸಾಲವಿರುವಾಗ ಠೇವಣಿಯಿಡುವುದು ಹಿಂದಿನವರ ದೃಷ್ಟಿಯಲ್ಲಿ ವಿಚಿತ್ರವೇ. ಬಡ್ಡಿಯ ದರವು ಕಾಲಕ್ಕೆ ತಕ್ಕಂತೆ ಏರಿಳಿಯುವ ಚಲ ದರದ ಸಾಲಗಳನ್ನು ವ್ಯಕ್ತಿಗಳು ಮುಂಗಡವಾಗಿ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕಕೂಡದೆಂದು ರಿಸರ್ವ್ ಬ್ಯಾಂಕು 2014ರಲ್ಲಿಯೇ ವಿಧಿಸಿತು. ಆದರೆ ವೈಯಕ್ತಿಕ ಸಾಲಗಳು ಬಹುಮಟ್ಟಿಗೆ ಸ್ಥಿರ ದರದವು, ನಮ್ಮದೂ ಹಾಗೆಯೇ.

ಇನ್ನೊಂದು ಸಣ್ಣ ಪ್ರಸಂಗ. 2023ರ ಏಪ್ರಿಲಿನಲ್ಲಿ ನಮ್ಮ ಕಚೇರಿಯಲ್ಲಿ ಸಂಬಳವು 8ನೆಯ ತಾರೀಖಿಗೆ ಬಂದಿತು. ಕಂತಿನ ದಿನ 5. ಖಾತೆಯಲ್ಲಿ ಸಾಕಷ್ಟು ಹಣವಿಲ್ಲದೆ ಕಂತು ಹಿಂದಿರುಗಿತು. ಮೂರೇ ದಿನಗಳ ವಿಳಂಬ. ಅದಕ್ಕೆ ಕಂತು ಹಿಂದಿರುಗಿದ ಶುಲ್ಕ 500, ಜಿ.ಎಸ್.ಟಿ. 90. ಆ ಮೂರು ದಿನಕ್ಕೆ ದಂಡ ಬಡ್ಡಿಯೆಂದು ಹಾಕಿದುದು ಇಪ್ಪತ್ತು ರೂಪಾಯಿ ಮಾತ್ರ. ಬಡ್ಡಿಗೆ ಹೆದರುವ ನಾವು ಶುಲ್ಕಕ್ಕೆ ಹೆದರುವುದನ್ನು ಕಲಿತಿರುವುದಿಲ್ಲ. ಕಂತಿನ ತಾರೀಖನ್ನು ಗೊತ್ತುಮಾಡುವಾಗ ಸಂಬಳದ ದಿನದಿಂದ ಒಂದು ವಾರವಾದರೂ ಬಿಡುವು ಕೇಳಿಕೊಳ್ಳಬೇಕು. ಆರಂಭದಲ್ಲಿ ಕೇಳಿದರೆ ಅದನ್ನು ಸಾಮಾನ್ಯವಾಗಿ ಕೊಡುತ್ತಾರೆ, ಆಮೇಲೆ ಬದಲಾಯಿಸುವುದು ಪ್ರಯಾಸ.

ಇದಾದ ತರುವಾಯ ನಿಯಮಗಳು ಎಷ್ಟೋ ಸುಧಾರಿಸಿವೆ. ಕಂತು ತಪ್ಪಿದುದಕ್ಕೆ ಬಡ್ಡಿಯ ದರವನ್ನೇ ಏರಿಸಕೂಡದು, ವಿಧಿಸಿದ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿಯನ್ನು ಬೆಳೆಸಕೂಡದು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಸುತ್ತೋಲೆಯನ್ನು ಹೊರಡಿಸಿತು. ಅದು ಜಾರಿಗೆ ಬಂದುದು 2024ರಲ್ಲಿ. ಸಾಲ ಮಂಜೂರಾದ ದಿನದಿಂದಲೇ ಬಡ್ಡಿಯನ್ನು ಎಣಿಸುತ್ತಿದ್ದ ಕೆಲವು ಸಂಸ್ಥೆಗಳಿಗೆ, ಹಣವು ಕೈಸೇರಿದ ದಿನದಿಂದ ಮಾತ್ರ ಎಣಿಸಬೇಕೆಂದು 2024ರ ಏಪ್ರಿಲಿನಲ್ಲಿ ಎಚ್ಚರಿಕೆ ಹೋಯಿತು. ಬಾಕಿಯ ವಸೂಲಿಗಾಗಿ ಬೆಳಗಿನ 8 ಘಂಟೆಗೆ ಮುಂಚೆಯೂ ಸಂಜೆ 7ರ ಮೇಲೂ ಸಾಲಗಾರನನ್ನು ಕರೆಯಕೂಡದೆಂಬ ವಿಧಿಯು 2022ರದು. ದೂರಿದ್ದರೆ ಮೊದಲು ಸಾಲ ಕೊಟ್ಟ ಸಂಸ್ಥೆಗೆ ಬರೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಖರ್ಚಿಲ್ಲದೆ ಮೊರೆಯಿಡಬಹುದು.

ಇವೆಲ್ಲಕ್ಕಿಂತ ಮುಖ್ಯವಾದುದು ಒಂದು ಕಾಗದ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂತಹ ಪ್ರತಿಯೊಂದು ಹೊಸ ಸಾಲಕ್ಕೂ, ರುಜು ಹಾಕಿಸಿಕೊಳ್ಳುವ ಮುಂಚೆಯೇ, ಸಾಲದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನ ಕೈಗೆ ಕೊಡಬೇಕು. ಇಂಗ್ಲಿಷಿನಲ್ಲಿ ಇದನ್ನು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಅದು ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿರೆಂದು ಕೇಳಲು ಸಂಕೋಚಪಡಬೇಕಾದುದಿಲ್ಲ. ಅದರ ಅರ್ಥವನ್ನು ವಿವರಿಸಿ ಹೇಳಬೇಕು. ಸಾಲದ ಅವಧಿ ಏಳು ದಿನಕ್ಕೆ ಕಡಿಮೆಯಿಲ್ಲದಿದ್ದರೆ, ಆಲೋಚಿಸಿ ಉತ್ತರ ಕೊಡಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವಿರಬೇಕು. ಯಾವ ಕಂತಿನಲ್ಲಿ ಬಡ್ಡಿಯೆಷ್ಟು, ಅಸಲೆಷ್ಟು ಎಂಬ ಪಟ್ಟಿಯೂ ಜೊತೆಗಿರಬೇಕು. ಇವೆಲ್ಲದರ ನಡುವೆ ವಾರ್ಷಿಕ ಶೇಕಡಾ ದರ, ಎ.ಪಿ.ಆರ್., ಎಂಬ ಒಂದು ಸಾಲಿರುತ್ತದೆ. ಬಡ್ಡಿ, ಶುಲ್ಕ, ವಿಮೆಯ ಹೆಸರಿನಲ್ಲಿ ಮುರಿದುಕೊಳ್ಳುವ ಹಣ, ಎಲ್ಲವನ್ನೂ ಸೇರಿಸಿ ಬರುವ ಅಂಕಿ ಅದು. ಪತ್ರದಲ್ಲಿ ತೋರಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಂದೆ ಹಾಕುವಂತಿಲ್ಲ. ಫ್ಲ್ಯಾಟ್ ಬಡ್ಡಿಯ ಎಂಟೂ, ಉಳಿದ ಬಾಕಿಯ ಹದಿನಾಲ್ಕೂ ಈ ಒಂದು ಸಾಲಿನಲ್ಲಿ ತಮ್ಮ ವೇಷವನ್ನು ಕಳಚಿ ನಿಲ್ಲಬೇಕಾಗುತ್ತದೆ. ಎರಡು ಸಾಲಗಳನ್ನು ಹೋಲಿಸುವವರು ಬೇರಾವುದನ್ನೂ ನೋಡಲು ಬಿಡುವಿಲ್ಲದಿದ್ದರೂ ಈ ಸಾಲನ್ನೂ, ಕೈಗೆ ಬರುವ ಮೊತ್ತವನ್ನೂ ನೋಡಬೇಕು. ನಮ್ಮ ಮೇಷ್ಟರು ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿದ ಕೆಲಸವನ್ನು ಈಗ ಸಾಲ ಕೊಡುವವರೇ ಮಾಡಿಕೊಡಬೇಕಾಗಿದೆ.

ನಮ್ಮ ಕೊನೆಯ ಕಂತು ಹೋದುದು 2024ರ ಸೆಪ್ಟೆಂಬರ್ 5ರಂದು. ಈ ನಿಯಮವು ಜಾರಿಗೆ ಬರಲು ಇನ್ನೂ 26 ದಿನಗಳಿದ್ದವು.

ಬಾಕಿಯಿಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದ ಕೇಳಿ ಪಡೆದುಕೊಂಡೆವು. ಒಂದೂವರೆ ತಿಂಗಳ ಮೇಲೆ ಸಿಬಿಲಿನ ವರದಿಯನ್ನು ತರಿಸಿ, ಸಾಲವು ಮುಗಿದಿದೆಯೆಂದು ಅಲ್ಲಿಯೂ ಬರೆದಿರುವುದನ್ನು ನೋಡಿ ಖಾತ್ರಿಮಾಡಿಕೊಂಡೆವು. ಇದನ್ನು ಮರೆಯುವವರೇ ಹೆಚ್ಚು. ಪತ್ರವನ್ನು ತಾಯಿಯವರಿಗೆ ತೋರಿಸಿದಾಗ ಅವರು ಜಗುಲಿಯ ಮೇಲೆ ಊರುಗೋಲನ್ನು ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದರು. ಕೈಯಲ್ಲಿ ಆ ನಾಲ್ಕು ಬಳೆಗಳಿದ್ದವು.

"ಎಲ್ಲಾ ಸೇರಿ ಎಷ್ಟು ಹೆಚ್ಚಿಗೆ ಕೊಟ್ಟ ಹಾಗಾಯಿತು?" ಎಂದು ಕೇಳಿದರು.

ಬಡ್ಡಿ, ಶುಲ್ಕ, ವಿಮೆ, ದಂಡ ಎಲ್ಲವನ್ನೂ ಕೂಡಿಸಿ ಎಂಬತ್ತಮೂರು ಸಾವಿರದ ಚಿಲ್ಲರೆ ಎಂದೆವು.

"ಬಳೆ ಇಟ್ಟಿದ್ದರೆ?"

ಆ 1,30,000ದ ಮಟ್ಟಿಗೆ ಶೇಕಡಾ 14ಕ್ಕೆ ಬದಲಾಗಿ 9 ಬೀಳುತ್ತಿತ್ತು. ಮೂರು ವರ್ಷಕ್ಕೆ ಹನ್ನೊಂದು ಸಾವಿರದಷ್ಟು ಕಡಿಮೆಯಾಗುತ್ತಿತ್ತೆಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಬಳೆಗಳನ್ನು ಮುಂದಕ್ಕೂ ಹಿಂದಕ್ಕೂ ಸರಿಸುತ್ತ ಕುಳಿತಿದ್ದು, "ಹಾಗಾದರೆ ನನ್ನ ಬಳೆಗಳನ್ನೇ ನಾನು ಮೂರು ವರ್ಷ ಬಾಡಿಗೆಗೆ ತೊಟ್ಟುಕೊಂಡ ಹಾಗಾಯಿತಲ್ಲೋ" ಎಂದರು.